ನರ್ಸಮ್ಮ ಬರುವ ಮುಂಚಿನ ಸದ್ದು

ಹೋದ ವಾರ ನಮ್ಮ ಕಾಲೇಜಿನ ಲ್ಯಾಬಿನಿಂದ ಹಳೆಯ ಕಂಪ್ಯೂಟರುಗಳನ್ನು ಹೊರಗೆ ಸಾಗಿಸಿದೆವು. ಅದಕ್ಕೂ ಮುಂಚೆ ಒಂದೊಂದನ್ನೇ ಹಚ್ಚಿ, ಒಳಗೆ ಬೇಕಾದದ್ದೇನಾದರೂ ಉಳಿದಿದೆಯೇ ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರ್ ಮೇಡಮ್ ಅಂದಮೇಲೆ ಕೀಬೋರ್ಡಿನ ಧೂಳು ಒರೆಸುವುದರಿಂದ ಹಿಡಿದು ಪ್ರಿನ್ಸಿಪಾಲರ ಮೊಬೈಲಿಗೆ ರಿಂಗ್‌ಟೋನ್ ಹಾಕಿಕೊಡುವವರೆಗೆ ಎಲ್ಲ ನನ್ನದೇ. ಮೂಲೆಯಲ್ಲಿದ್ದ ಒಂದು ಮುದಿ ಕಂಪ್ಯೂಟರನ್ನು ಹಚ್ಚಿದ್ದೇ ತಡ, ಅದರ ಹೊಟ್ಟೆಯೊಳಗಿನಿಂದ ಕರ್ರ್, ಕಟಕಟ, ಕರ್ರ್ ಎಂದು ಸದ್ದು ಬಂತು. ಹಾರ್ಡ್ ಡಿಸ್ಕಿನ ಸದ್ದು. ಈಗಿನ ಯಂತ್ರಗಳಲ್ಲಿ ಅದು ಕೇಳಿಸುವುದಿಲ್ಲ, ಹೀಗಾಗಿ ನಿಮಗೆ ಮರೆತೂ ಹೋಗಿರಬಹುದು. ನನಗೆ ಅಂಗಾಲು ತಣ್ಣಗಾಯಿತು. ಕೈ ತಾನಾಗಿಯೇ ಹಿಂದಕ್ಕೆ ಬಂತು. ಪಕ್ಕದಲ್ಲಿದ್ದ ಹುಡುಗಿಯರು ಶಾಕ್ ಹೊಡೆಯಿತೇನೋ ಎಂದು ಗಾಬರಿಯಾದರು. ಹಾಗೇ ಅಂದುಕೊಳ್ಳಲಿ ಎಂದು ಸುಮ್ಮನಾದೆ. ನಲವತ್ತು ದಾಟಿದ ಮೇಡಮ್ಮು ಹಾರ್ಡ್ ಡಿಸ್ಕಿಗೆ ಹೆದರುತ್ತಾರೆಂದು ಊರೆಲ್ಲ ಗೊತ್ತಾದರೆ ಪಾಠ ಹೇಳುವುದು ಹೇಗೆ?

ನಾನು ಹುಟ್ಟಾ ಪುಕ್ಕಲಿ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತವರು ಕಂಪ್ಲಿ. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆಂದರೆ ನಮ್ಮೂರ ಸೇತುವೆಯ ಮೇಲೆ ಹೊಳೆ ಏರುತ್ತದೆ. ಊರ ಮಂದಿ ಅದನ್ನು ನೋಡಲು ಮಕ್ಕಳುಮರಿ ಕಟ್ಟಿಕೊಂಡು ಹೋಗುತ್ತಾರೆ. ನಾನಾದರೋ ಬೇಸಿಗೆಯಲ್ಲಿ, ನೀರು ಕೆಳಗೆಲ್ಲೋ ಬಂಡೆಗಳ ಸಂದಿಯಲ್ಲಿ ಹರಿಯುವಾಗಲೂ, ಅವ್ವನ ಸೆರಗು ಹಿಡಿದು ಕಣ್ಣು ಮುಚ್ಚಿಕೊಂಡೇ ಆ ಸೇತುವೆ ದಾಟುತ್ತಿದ್ದೆ. ಇವಳಿಗೆ ಗಂಡೆದೆಯವನನ್ನೇ ಹುಡುಕಬೇಕು ಎಂದು ಅವ್ವ ಎಲ್ಲರ ಮುಂದೆ ಹೇಳುತ್ತಿದ್ದಳು. ಹಾಗೇ ಹುಡುಕಿದರು ಕೂಡ.

ನಮ್ಮವರ ಹೆಸರು ಹುಲುಗಪ್ಪ. ಸಂಡೂರಿನ ಗುಡ್ಡದ ಮೇಲಿನ ಒಂದು ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ಡಂಪರ್ ಅಂದರೆ ರಸ್ತೆಯಲ್ಲಿ ಓಡಾಡುವ ಟಿಪ್ಪರ್ ಅಲ್ಲ, ಅದರ ಗಾಲಿಯೇ ನನ್ನ ನೆತ್ತಿಗಿಂತ ಎತ್ತರ. ಮದುವೆಯಾದ ಹೊಸತರಲ್ಲಿ ಹಂಪಿಗೆ ಕರೆದುಕೊಂಡು ಹೋಗಿ ಮಾತಂಗ ಪರ್ವತ ಹತ್ತಿಸಿದರು. ತಾವು ಬಂಡೆಯ ತುದಿಗೆ ಹೋಗಿ ನಿಂತು, ಬಾ ಎಂದು ಕೈ ಮಾಡಿದರು. ಮೇಲಿನ ಗುಡಿಯ ಗೋಡೆಗೆ ಬೆನ್ನು ಹಚ್ಚಿ ಕೂತವಳು ಇಳಿಯುವ ಹೊತ್ತಿನವರೆಗೂ ನಾನು ಏಳಲಿಲ್ಲ. ಇವರಿಗೆ ಹೆದರಿಕೆ ಎಂಬ ನರವೇ ಇಲ್ಲ ಎಂದು ಅವತ್ತು ತೀರ್ಮಾನ ಮಾಡಿದ್ದೆ. ಬಹಳ ವರ್ಷ ಆ ತೀರ್ಮಾನ ಹಾಗೇ ಇತ್ತು.

ಇಂಥ ಗಂಡ ಹೆಂಡತಿಗೆ ಒಂದು ವಿಚಿತ್ರ ಚಟವಿತ್ತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಪರದೆ ಎಳೆದು, ಕಂಪ್ಯೂಟರಿನ ಮುಂದೆ ಕೂತು ದೆವ್ವದ ಗೇಮ್ ಆಡುವುದು. ಆಡುವವರು ಅವರು, ಹೆದರುವವಳು ನಾನು. ಒಂದು ಹಾಳುಬಿದ್ದ ಆಸ್ಪತ್ರೆ. ಕೈಯಲ್ಲಿ ಟಾರ್ಚು. ಬಾಗಿಲ ಹಿಂದೆ ಬಾಗಿಲು, ಕೀಲಿ ಹುಡುಕುತ್ತಾ ಹೋಗಬೇಕು. ಆ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಸ್ಟ್ರೆಚರ್ ಗಾಡಿ ತಳ್ಳಿಕೊಂಡು ಓಡಾಡುತ್ತಾಳೆ. ಆ ಗಾಡಿಯ ಒಂದು ಗಾಲಿಗೆ ಎಣ್ಣೆಯಿಲ್ಲ, ಕೀಂಯ್ ಕೀಂಯ್ ಎನ್ನುತ್ತದೆ. ಸದ್ದು ಕೇಳಿದೊಡನೆ ಟಾರ್ಚು ಆರಿಸಿ ಮಂಚದ ಕೆಳಗೋ ಕಪಾಟಿನೊಳಗೋ ಸೇರಿಕೊಳ್ಳದಿದ್ದರೆ ಕತೆ ಮುಗಿಯಿತು. ನಾವು ಅವಳನ್ನು ನರ್ಸಮ್ಮ ಎಂದು ಮರ್ಯಾದೆ ಕೊಟ್ಟು ಕರೆಯುತ್ತಿದ್ದೆವು. ಕೀಂಯ್ ಅಂದಾಕ್ಷಣ ನಾನು ಅವರ ಭುಜ ಹಿಡಿದು ಮುಖ ಮುಚ್ಚಿಕೊಳ್ಳುತ್ತಿದ್ದೆ. ಅಷ್ಟು ಹೆದರುವವಳು ಪಕ್ಕದಲ್ಲಿ ಯಾಕೆ ಕೂರುತ್ತಿದ್ದೆ ಎಂದು ನೀವು ಕೇಳಬಹುದು. ವಾರವೆಲ್ಲ ಶಿಫ್ಟಿನಲ್ಲಿ ಕಳೆದುಹೋಗುವ ಗಂಡ ಸಿಗುತ್ತಿದ್ದದ್ದು ಆ ಕೋಣೆಯಲ್ಲಿ, ಆ ಹೊತ್ತಿನಲ್ಲಿ ಮಾತ್ರ.

ನಮ್ಮವರು ಆ ಗೇಮಿನಲ್ಲಿ ಹುಲಿ. ಎಷ್ಟೋ ಸಲ ಕೀಂಯ್ ಅನ್ನುವ ಮುಂಚೆಯೇ ಟಾರ್ಚು ಆರಿಸಿ ಕಪಾಟಿನೊಳಗೆ ಹೊಕ್ಕಿರುತ್ತಿದ್ದರು. ನರ್ಸಮ್ಮ ಆಮೇಲೆ ಬಂದು, ಅತ್ತಿತ್ತ ನೋಡಿ, ಹೋಗುತ್ತಿದ್ದಳು. ಹೇಗೆ ಗೊತ್ತಾಗುತ್ತದೆಂದು ಕೇಳಿದರೆ, ಗೊತ್ತಾಗತೈತಿ ಎಂದಷ್ಟೇ ಹೇಳಿ ಮೀಸೆ ತೀಡುತ್ತಿದ್ದರು. ಅದಕ್ಕೂ ನಾನು ಧೈರ್ಯವೆಂದೇ ಹೆಸರಿಟ್ಟಿದ್ದೆ.

ಒಂದೇ ಒಂದು ವಿಷಯಕ್ಕೆ ಜಗಳವಾಗುತ್ತಿತ್ತು. ಆಡುವಾಗ ಅವರು ಮೇಜಿನ ಕೆಳಗಿದ್ದ ಸಿಪಿಯು ಡಬ್ಬಿಯ ಮೇಲೆ ಬರಿಗಾಲು ಇಡುತ್ತಿದ್ದರು. ಅಂಗಾಲು ಪೂರ್ತಿ ಊರಿ, ಬೆರಳು ಒತ್ತಿ. ಆಯುಧಪೂಜೆಗೆ ಅದೇ ಡಬ್ಬಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಕೈಮುಗಿದವಳು ನಾನು. ನನ್ನ ಅನ್ನದ ವಿದ್ಯೆ ಅದರೊಳಗಿದೆ. ಅದರ ಮೇಲೆ ಕಾಲೆ? ಕುಂಕುಮ ಹಚ್ಚಿದ್ದರ ಮ್ಯಾಲೆ ಕಾಲಿಡತೀರಲ್ರಿ ಎಂದು ಬೈದರೆ ಅವರದು ಸಿದ್ಧ ಉತ್ತರ.

"ಗಾಡಿಗೂ ಕುಂಕುಮ ಹಚ್ಚತೀವಿ. ಹಂಗಂತ ಬ್ರೇಕಿನ ಮ್ಯಾಲೆ ಕಾಲಿಡಬ್ಯಾಡ ಅಂತೀಯೇನು?"

ಒಮ್ಮೆ ಸಿಟ್ಟು ಬಂದು ಡಬ್ಬಿಯನ್ನು ಎತ್ತಿ ಮೇಜಿನ ಮೇಲಿಟ್ಟೆ. ಆ ಭಾನುವಾರ ಅವರ ಆಟ ಸರಿಹೋಗಲಿಲ್ಲ, ಮೇಲಿಂದ ಮೇಲೆ ಸಿಕ್ಕಿಬಿದ್ದರು. ಮರುವಾರ ನೋಡಿದರೆ ಡಬ್ಬಿ ಮತ್ತೆ ಕೆಳಗೆ. ಗಂಡಸರ ಹಟ ಎಂದು ಬಿಟ್ಟುಬಿಟ್ಟೆ.

ನಮ್ಮ ಕಂಪ್ಯೂಟರ್ ಬಹಳ ನಿಧಾನದ್ದು. ಕಾರಣವನ್ನು ನಾನು ಕ್ಲಾಸಿನಲ್ಲಿ ಹೇಳುವ ಹಾಗೇ ಹೇಳುತ್ತೇನೆ. ರ‍್ಯಾಮ್ ಅಂದರೆ ಅಡಿಗೆಮನೆಯ ಕಟ್ಟೆ. ಹಾರ್ಡ್ ಡಿಸ್ಕ್ ಅಂದರೆ ಹಿಂದಿನ ಕೋಣೆ, ಕಾಳುಕಡಿಯ ಡಬ್ಬಿ ಇಡುವ ಜಾಗ. ಕಟ್ಟೆ ದೊಡ್ಡದಿದ್ದರೆ ಬೇಕಾದ ಡಬ್ಬಿಗಳನ್ನೆಲ್ಲ ಒಮ್ಮೆಲೇ ತಂದಿಟ್ಟುಕೊಂಡು ಸರಸರ ಒಗ್ಗರಣೆ ಹಾಕಬಹುದು. ಕಟ್ಟೆ ಗೇಣಗಲ ಇದ್ದರೆ ಸಾಸಿವೆಗೊಮ್ಮೆ, ಬೇಳೆಗೊಮ್ಮೆ ಹಿಂದಿನ ಕೋಣೆಗೆ ಓಡಬೇಕು, ಅಷ್ಟರಲ್ಲಿ ಎಣ್ಣೆ ಹೊತ್ತಿಕೊಂಡಿರುತ್ತದೆ. ನಮ್ಮದು ಗೇಣಗಲದ ಕಟ್ಟೆ, ಮೇಲಾಗಿ ಹಿಂದಿನ ಕೋಣೆಗೆ ಹೋಗುವವಳು ಮಂಡಿನೋವಿನ ಮುದುಕಿ. ಒಮ್ಮೆ ಸತ್ತರೆ ಮತ್ತೆ ಆಟ ಶುರುವಾಗುವಷ್ಟರಲ್ಲಿ ನಾನು ಚಹಾ ಕಾಸಿ, ಸೋಸಿ, ತಂದು ಕೊಡುತ್ತಿದ್ದೆ. ನರ್ಸಮ್ಮ ಬರಬೇಕಾದರೂ ಅಷ್ಟೇ. ಅವಳ ಮುಖ, ಗಾಡಿ, ಗಾಲಿಯ ಸದ್ದು ಎಲ್ಲವನ್ನೂ ಕಂಪ್ಯೂಟರು ಹಿಂದಿನ ಕೋಣೆಯಿಂದ ಹೊತ್ತು ತರಬೇಕು. ಅದಕ್ಕೆ ಅವಳು ಕಾಣಿಸುವ ಸ್ವಲ್ಪ ಮುಂಚೆ ಡಬ್ಬಿಯೊಳಗೆ ಹಾರ್ಡ್ ಡಿಸ್ಕು ಕರ್ರ್, ಕಟಕಟ ಎಂದು ಒದ್ದಾಡುತ್ತಿತ್ತು. ನನಗೆ ನರ್ಸಮ್ಮನಿಗಿಂತ ಆ ಸದ್ದೇ ಹೆಚ್ಚು ಭಯ. ಬಂದವಳಿಗಿಂತ ಬರುತ್ತಿರುವವಳಿಗೆ ಹೆದರುವ ಜಾತಿ ನನ್ನದು.

ಒಂದು ದೀಪಾವಳಿಗೆ ಅವರಿಗೆ ಖುಷಿಯಾಗಲೆಂದು ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿದೆ, ರ‍್ಯಾಮನ್ನೂ ಹೆಚ್ಚಿಸಿದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಅಲುಗುವುದು ಏನೂ ಇಲ್ಲ, ಬರೀ ಎಲೆಕ್ಟ್ರಾನಿಕ್ ಚಿಪ್ಪು. ಮುದುಕಿಯನ್ನು ಬಿಡಿಸಿ ಚಿಗರೆಯಂಥ ಹುಡುಗಿಯನ್ನು ಕೆಲಸಕ್ಕಿಟ್ಟುಕೊಂಡಂತಾಯಿತು. ಚಹಾ ಇರಲಿ, ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಆಟ ಸಿದ್ಧ. ಸದ್ದಿಲ್ಲ, ತಡವರಿಕೆಯಿಲ್ಲ. ನನ್ನ ಕೈಕೆಲಸಕ್ಕೆ ನಾನೇ ಬೀಗಿದೆ.

ಆದರೆ ನಮ್ಮವರು ಸಾಯತೊಡಗಿದರು. ಬಾಗಿಲು ಬಾಗಿಲಿಗೂ ಸತ್ತರು. ನರ್ಸಮ್ಮ ಬೆನ್ನ ಹಿಂದೆ ಬಂದು ನಿಂತರೂ ಟಾರ್ಚು ಹಿಡಿದು ಗೋಡೆ ನೋಡುತ್ತಿದ್ದರು. ನಾನು ಭುಜ ಹಿಡಿದು ಅಲುಗಿಸಿದ ಮೇಲೆಯೇ ತಿರುಗುವುದು. ಹೊಸದು ಸರಿಯಿಲ್ಲ, ಹಳೆಯದನ್ನೇ ಹಾಕು ಎಂದು ಗೊಣಗಿದರು. ನಾಲ್ಕು ಭಾನುವಾರ ಹೀಗೇ ಆದಮೇಲೆ ಕಂಪ್ಯೂಟರಿನ ಹತ್ತಿರ ಬರುವುದನ್ನೇ ಬಿಟ್ಟರು. ವೇಗ ಹೆಚ್ಚಾಗಿ ಕೈ ಕುದುರಿಲ್ಲ, ಮುಂಚೆ ತಯಾರಾಗಲು ಹೊತ್ತು ಸಿಗುತ್ತಿತ್ತು, ಈಗ ಸಿಗುತ್ತಿಲ್ಲ ಎಂದು ನಾನು ನನ್ನ ವಿದ್ಯೆಯ ಪ್ರಕಾರ ಸಮಾಧಾನ ಹೇಳಿಕೊಂಡೆ.

ಅದೇ ಗೇಮನ್ನು ಅವರು ಮೊಬೈಲಿಗೆ ಹಾಕಿಕೊಂಡರು. ಮೊಬೈಲಿನಲ್ಲಿ ಮತ್ತೆ ಹುಲಿ! ಅಂಗೈಯಗಲದ ಪರದೆ, ನರ್ಸಮ್ಮನ ಮುಖವೂ ಸರಿಯಾಗಿ ಕಾಣುವುದಿಲ್ಲ, ಆದರೂ ಸಿಕ್ಕಿಬೀಳುವುದಿಲ್ಲ. ಮೊಬೈಲಿನಲ್ಲೂ ಇರುವುದು ಚಿಪ್ಪೇ, ಅದೂ ವೇಗದ್ದೇ. ಅಲ್ಲಿಗೆ ನನ್ನ ಸಮಾಧಾನ ಅಲ್ಲಾಡಿತು. ಆಮೇಲೆ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿರುವ ನನ್ನ ತಮ್ಮ ಪಂಪಾಪತಿಯ ಮನೆಗೆ ಹೋದೆವು. ಕಾಲುವೆ ಆಫೀಸಿನಲ್ಲಿ ಕೆಲಸ, ಮದುವೆಯಿಲ್ಲ, ಮನೆಯಲ್ಲಿ ದೊಡ್ಡ ಟಿವಿ, ಅದಕ್ಕೊಂದು ಗೇಮಿನ ಪೆಟ್ಟಿಗೆ. ನಮ್ಮ ಕಂಪ್ಯೂಟರಿಗಿಂತ ಎಷ್ಟೋ ಪಾಲು ವೇಗದ್ದು. ಕೈಯಲ್ಲಿ ಹಿಡಿಯುವ ಕಂಟ್ರೋಲರ್ ತೆಗೆದುಕೊಂಡು ನಮ್ಮವರು ಕೂತರು ನೋಡಿ, ಮಾವನ ಆಟಕ್ಕೆ ಪಂಪಾಪತಿ ಬೆರಗಾಗಿ ಬಾಯಿಮೇಲೆ ಕೈಯಿಟ್ಟುಕೊಂಡ.

ನಾನು ಹಿಂದೆ ಕೂತು ಲೆಕ್ಕ ಹಾಕಿದೆ. ನಿಧಾನದ ಕಂಪ್ಯೂಟರಿನಲ್ಲಿ ಗೆಲ್ಲುತ್ತಾರೆ, ವೇಗದ ಕಂಪ್ಯೂಟರಿನಲ್ಲಿ ಸೋಲುತ್ತಾರೆ, ಅದಕ್ಕಿಂತ ವೇಗದ ಪೆಟ್ಟಿಗೆಯಲ್ಲಿ ಗೆಲ್ಲುತ್ತಾರೆ. ಹಾಗಾದರೆ ಇದು ವೇಗದ ಮಾತಲ್ಲ. ಕಂಟ್ರೋಲರ್ ಹಿಡಿದ ಅವರ ಬೆರಳು ನೋಡಿದೆ. ನರ್ಸಮ್ಮ ಹತ್ತಿರ ಬಂದಾಗ ಅದು ಕೈಯಲ್ಲಿ ಗುರ್ರೆಂದು ನಡುಗುತ್ತಿತ್ತು. ಮೊಬೈಲೂ ಹಾಗೇ ನಡುಗುತ್ತದೆ. ನಮ್ಮ ಹಳೆಯ ಡಬ್ಬಿ? ಅದೂ ನಡುಗುತ್ತಿತ್ತು, ಬರಿಗಾಲಿನ ಕೆಳಗೆ. ಹೊಸ ಡಬ್ಬಿ ಮಾತ್ರ ನಡುಗುವುದಿಲ್ಲ.

ಅವರು ನೀರು ಕುಡಿಯಲು ಎದ್ದಾಗ ಸೆಟ್ಟಿಂಗಿಗೆ ಹೋಗಿ ಕಂಟ್ರೋಲರಿನ ನಡುಕ ಬಂದ್ ಮಾಡಿದೆ. ಯಾರಿಗೂ ಹೇಳಲಿಲ್ಲ. ಅವರು ಬಂದು ಕೂತರು. ಟಿವಿಯಿಂದ ಗಾಲಿಯ ಸದ್ದು ಕೋಣೆ ತುಂಬ ಬಂತು. ಪಂಪಾಪತಿ "ಮಾವ, ಬಂದ್ಲು ಬಂದ್ಲು" ಎಂದ. ನಮ್ಮವರು ನೆಟ್ಟಗೆ ಅವಳ ಕೈಗೇ ಹೋಗಿ ಸಿಕ್ಕರು. ಎರಡನೆಯ ಸಲವೂ ಹಾಗೇ. ಮಾವನಿಗೆ ವಯಸ್ಸಾಯಿತು ಎಂದು ಪಂಪಾಪತಿ ನಕ್ಕ, ಅವರೂ ನಕ್ಕರು. ನಾನು ನೆಪ ಹೇಳಿ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. 

ಒಂದೊಂದೇ ನೆನಪಾಯಿತು. ಕುಕ್ಕರ್ ಎಷ್ಟು ಸೀಟಿ ಕೂಗಿದರೂ ಏಳದಿದ್ದದ್ದು. ಅದನ್ನು ನಾನು ಗಂಡಸರ ಸೋಮಾರಿತನದ ಲೆಕ್ಕಕ್ಕೆ ಬರೆದಿದ್ದೆ. ಮೊಬೈಲನ್ನು ಸದಾ ಎದೆಯ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದದ್ದು. ಟಿವಿಯ ದನಿ ಏರಿಸುತ್ತಿದ್ದದ್ದು. ನೀವು ಬೇರೆ ಊರಿನವರಾದರೆ ಇಷ್ಟು ದಿನ ಹೆಂಡತಿಗೆ ತಿಳಿಯಲಿಲ್ಲವೇ ಎನ್ನುತ್ತೀರಿ. ನಮ್ಮ ಓಣಿಗೆ ಬಂದು ನೋಡಿ. ಮನೆಗೊಬ್ಬರು ಗಣಿಯಲ್ಲಿ ದುಡಿಯುವವರು, ಎಲ್ಲರ ಮನೆಯ ಟಿವಿಯೂ ಊರಿಗೆ ಕೇಳಿಸುತ್ತದೆ, ಗಂಡ ಹೆಂಡತಿ ಉಪ್ಪು ಕೇಳಿದರೂ ಜಗಳವಾಡಿದಂತಿರುತ್ತದೆ. ಜೋರಾಗಿ ಮಾತಾಡುವುದು ನಮ್ಮಲ್ಲಿ ಆರೋಗ್ಯದ ಲಕ್ಷಣ. ನನ್ನ ದನಿಯಂತೂ ತವರಿನಲ್ಲಿ ಇಷ್ಟಿರಲಿಲ್ಲ. ಅಂಥ ಓಣಿಯಲ್ಲಿ ಒಬ್ಬರ ಕಿವಿ ಮಂದವಾಗುತ್ತಾ ಬಂದರೆ ಯಾರಿಗೆ ಗೊತ್ತಾಗಬೇಕು?

ಸಂಡೂರಿಗೆ ಮರಳುವ ಬಸ್ಸು ಘಟ್ಟದ ತಿರುವಿನಲ್ಲಿ ನಿಂತಿತು. ಮುಂದೆ ಉದ್ದನೆಯ ಟ್ರೇಲರುಗಳು, ಅವುಗಳ ಮೇಲೆ ಹಳದಿ ಬಣ್ಣದ ಹೊಸ ಡಂಪರಿನ ಭಾಗಗಳು. ನಮ್ಮವರು ಮಗುವಿನ ಹಾಗೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ತಮ್ಮ ಗಣಿಯ ಗಾಡಿಗಳು, ಜೋಡಿಸಿದ ಮೇಲೆ ಬರುವ ಸೋಮವಾರದಿಂದ ಒಂದು ತಮ್ಮ ಕೈಗೆ ಎಂದು ಹೇಳಿದರು. ಗಾಜು ಮುಚ್ಚಿದ ಏಸಿ ಕ್ಯಾಬಿನ್ನಂತೆ, ಗಾಳಿ ತುಂಬಿದ ಸೀಟಂತೆ.

"ತೊಟ್ಟಿಲದಾಗ ಕುಂತಂಗ ಅಂತಲೇ. ಗಾಡಿ ಎಷ್ಟ ಕುಣಿದ್ರೂ ಮೈಗೆ ಏನೂ ಗೊತ್ತಾಗಂಗಿಲ್ಲಂತ."

ಆ ಮಾತು ಕೇಳಿ ನನಗೆ ದಿಗಿಲಾಯಿತು. ಯಾಕೆಂದರೆ ಅವರ ಕೆಲಸ ನನಗೆ ಗೊತ್ತಿತ್ತು. ಗಣಿಯ ನಿರುಪಯೋಗಿ ಮಣ್ಣನ್ನು ಗುಡ್ಡದ ಒಂದು ಅಂಚಿನಿಂದ ಕೆಳಗೆ ಸುರಿಯುತ್ತಾರೆ. ಮಣ್ಣು ಹೇರಿದ ಡಂಪರನ್ನು ಹಿಮ್ಮುಖವಾಗಿ ಅಂಚಿನವರೆಗೆ ಒಯ್ಯಬೇಕು. ಅಂಚಿಗೊಂದು ಮಣ್ಣಿನ ಒಡ್ಡು ಇರುತ್ತದೆ, ಅದರಾಚೆ ಬರೀ ಗಾಳಿ. ಎಲ್ಲಿ ನಿಲ್ಲಿಸಬೇಕೆಂದು ಹೇಳಲು ಪಾಪಿನಾಯಕನಹಳ್ಳಿಯ ಜಂಬಣ್ಣ ಎಂಬವನು ನೆಲದ ಮೇಲೆ ನಿಂತು ಸೀಟಿ ಊದುತ್ತಾನೆ. ಸೀಟಿ ಕೇಳಿದಲ್ಲಿ ಬ್ರೇಕು. ಹಳೆಯ ಗಾಡಿಯ ನಡುಕ ಮೈಗೆ ಗೊತ್ತಾಗುತ್ತಿತ್ತು. ಹೊಸದರ ನಡುಕ ಗೊತ್ತಾಗುವುದಿಲ್ಲ. ಎಸ್‌ಎಸ್‌ಡಿ ಹಾಕಿದ ಮೇಲೆ ಅವರು ಹೇಗೆ ಸತ್ತರೆಂದು ನಾನು ನಾಲ್ಕು ಭಾನುವಾರ ಪಕ್ಕದಲ್ಲೇ ಕೂತು ನೋಡಿದ್ದೆ.

ಆ ವಾರವೆಲ್ಲ ಬಾಯಿ ಬಿಡಲಾಗಲಿಲ್ಲ. ನನ್ನ ಊಹೆ ತಪ್ಪಿರಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ.  ಶನಿವಾರ ಕಾಲೇಜಿನ ಪಿ.ಟಿ. ಮಾಸ್ತರರ ಸೀಟಿ ಕೇಳಿ ತಂದೆ. ಭಾನುವಾರ ಬೆಳಿಗ್ಗೆ ಅವರು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದರು. ನಾನು ಹಿಂದೆ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೀಟಿ ಬಾಯಿಗಿಟ್ಟು ಉಸಿರಿರುವಷ್ಟೂ ಊದಿದೆ. ನನ್ನ ಕಿವಿಯೇ ಗುಂಯ್‌ಗುಟ್ಟಿತು. ಅವರು ಬಾಚುತ್ತಲೇ ಇದ್ದರು. ಆಮೇಲೆ ಬಾಚಣಿಗೆ ನಿಂತಿತು. ಕನ್ನಡಿಯಲ್ಲಿ ಅವರಿಗೆ ನಾನು ಕಂಡಿದ್ದೆ, ಕೆನ್ನೆ ಉಬ್ಬಿಸಿಕೊಂಡು, ಬಾಯಲ್ಲಿ ಸೀಟಿ ಕಚ್ಚಿಕೊಂಡು.

ಅವರು ಮೆಲ್ಲಗೆ ತಿರುಗಿದರು.

"ಊದಿದೇನು?"

"ಊದಿದ್ನಿರಿ."

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, ಯಾರು ಸೀಟಿ ಹೊಡೆದದ್ದು, ಏನಾಯಿತು ಎಂದು ಕೇಳಿದಳು. ಏನಿಲ್ಲವೆಂದು ಕಳಿಸಿದೆ. ನಮ್ಮವರು ಮಂಚದ ಮೇಲೆ ಕೂತುಬಿಟ್ಟರು.  ಸ್ವಲ್ಪ ಕಡಿಮೆ ಕೇಳಿಸುತ್ತದೆಂದು ಗೊತ್ತಿತ್ತಂತೆ, ಇಷ್ಟು ಎಂದು ಗೊತ್ತಿರಲಿಲ್ಲವಂತೆ. ಮಾತಿನ ದನಿ ಕೇಳಿಸುತ್ತದೆ, ಇಂಜಿನ್ನು ಕೇಳಿಸುತ್ತದೆ, ಸೀಟಿಯಂಥ ಸಣ್ಣ ಚೂಪು ಸದ್ದು ಯಾವಾಗಲೋ ನಿಂತುಹೋಗಿದೆ. ಜಂಬಣ್ಣನ ಕೈಯನ್ನು ಕನ್ನಡಿಯಲ್ಲಿ ನೋಡುತ್ತೇನೆ, ಧೂಳೆದ್ದಾಗ ಗಾಲಿ ಒಡ್ಡಿಗೆ ತಾಗಿದ್ದು ಕೂತ ಸೀಟಿನಿಂದ ಮೈಗೆ ತಿಳಿಯುತ್ತದೆ ಎಂದರು. ಹಿಂದಿನ ಸಲದ ವೈದ್ಯಕೀಯ ಪರೀಕ್ಷೆಯಲ್ಲಿ ಎಲ್ಲ ಸರಿ ಎಂದೇ ಬರೆದಿದ್ದರು, ಮುಂದಿನದು ಇನ್ನೂ ದೂರವಿತ್ತು.

ಹೊಸ ಗಾಡಿಯಲ್ಲಿ ಮೈಗೂ ತಿಳಿಯುವುದಿಲ್ಲವಲ್ಲ ಎಂದೆ. ಅವರು ನೆಲ ನೋಡಿದರು.

"ಹೇಳಿದ್ರ ಗಾಡಿಯಿಂದ ಇಳಸ್ತಾರ. ಸ್ಟೇರಿಂಗ್ ಬಿಟ್ಟ ನನಗ ಬ್ಯಾರೆ ಏನ ಬರತೈತಿ?"

"ಇಳಸ್ಲಿ ಬಿಡ್ರಿ. ಇಳದೋರು ಮನಿಗೆ ಬರ್ತಾರ."

  ಸೋಮವಾರ ನಸುಕಿನಲ್ಲೇ ಎದ್ದು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು, ಹುಲಿಗೆಮ್ಮನ ಫೋಟೋಕ್ಕೆ ಕೈಮುಗಿದು ಗಣಿಯ ಬಸ್ಸು ಹತ್ತಿದರು. ಹೊಸ ಗಾಡಿಗೆ ಹೋಗುವವರೂ ಹಾಗೇ ಹೋಗುತ್ತಾರೆ, ಗಾಡಿ ಬಿಡಲು ಹೋಗುವವರೂ ಹಾಗೇ ಹೋಗುತ್ತಾರೆ. ನೋಡಿ ಹೇಳುವಂತಿರಲಿಲ್ಲ.

ಆ ದಿನ ನಾನು ಲ್ಯಾಬಿನಲ್ಲಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಪ್ರತಿ ಸ್ಟಾರ್ಟಿಗೆ ಆ ಹಳೆಯ ಯಂತ್ರಗಳು ಕರ್ರ್ ಕಟಕಟ ಎನ್ನುತ್ತಿದ್ದವು, ಏನೋ ಬರಲಿದೆ, ಈಗ ಬಂತು ಎಂಬಂತೆ. ಮೊಬೈಲು ಮಿನುಗಿದರೆ ಎತ್ತಲು ಕೈ ಬರುತ್ತಿರಲಿಲ್ಲ. ಗಣಿಯಿಂದ ಹೆಂಡತಿಗೆ ಫೋನು ಬರುವುದು ಒಳ್ಳೆಯ ಸುದ್ದಿಗಲ್ಲ ಎಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. 

ಸಂಜೆ ಬಾಗಿಲಲ್ಲಿ ಅವರು ಕಂಡಾಗ ನನ್ನ ಕಣ್ಣು ಮೊದಲು ಹೋದದ್ದು ಅಂಗಿಗೆ. ಇಷ್ಟು ವರ್ಷದಲ್ಲಿ ಅವರು ಕೆಂಪು ಧೂಳು ಹೊರದೆ ಮನೆಗೆ ಬಂದವರಲ್ಲ. ಅವತ್ತು ಅಂಗಿ ಬೆಳಿಗ್ಗೆ ಹೋದ ಹಾಗೇ ಇತ್ತು. ಗಾಜು ಮುಚ್ಚಿದ ಕ್ಯಾಬಿನ್ನಿನಲ್ಲಿ ಧೂಳು ಹೇಗೆ ಕೂತೀತು? ಹಾಗಾದರೆ ಓಡಿಸಿ ಬಂದಿದ್ದಾರೆ, ನಾಳೆಯೂ ಓಡಿಸುತ್ತಾರೆ, ನಾಡಿದ್ದೂ ಓಡಿಸುತ್ತಾರೆ ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟರು.

"ಹೇಳಿಬಂದೆ. ದಿನಪೂರ್ತಿ ಆಫೀಸಿನ ಬೆಂಚಿನ ಮ್ಯಾಲೆ ಕುಂದ್ರಿಸಿದ್ರು."

ನಾನು ಜೋರಾಗಿ ಅತ್ತೆ. ಅದು ಅವರಿಗೆ ಚೆನ್ನಾಗಿಯೇ ಕೇಳಿಸಿತು.

ಆಮೇಲೆ ಎಲ್ಲ ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರಿಗೆ ಟೈರು ವಿಭಾಗದಲ್ಲಿ ಕೆಲಸ ಕೊಟ್ಟರು. ಹೊಸ ಗಾಡಿಗಳು ಮುಂದೆ ಹಾದುಹೋಗುವಾಗ ಇವರು ನೆಲದ ಮೇಲೆ ನಿಂತು ಗಾಲಿಗೆ ಗಾಳಿ ನೋಡಬೇಕು. ಮನೆಯಲ್ಲಿ ಮಾತು ಕಡಿಮೆಯಾಯಿತು. ಹೊಸಪೇಟೆಯ ಡಾಕ್ಟರು ಬರೆದುಕೊಟ್ಟ ಕಿವಿಯ ಮಷೀನು ಡಬ್ಬಿಯಲ್ಲೇ ಉಳಿಯಿತು, ಅದು ಮುದುಕರ ಸಾಮಾನಂತೆ. ಗೇಮಿನ ಹೆಸರು ಎತ್ತುವ ಧೈರ್ಯ ನನಗಿರಲಿಲ್ಲ. ನಾನು ಮಾಡಿದ್ದು ಸರಿಯೆಂದು ನನಗೆ ಗೊತ್ತು, ಅವರಿಗೂ ಗೊತ್ತು, ಆದರೂ ನಮ್ಮಿಬ್ಬರ ನಡುವೆ ಒಂದು ಬಾಗಿಲು ಮುಚ್ಚಿಕೊಂಡೇ ಇತ್ತು. ಅವರ ಜೀವ ಉಳಿಸಿಕೊಂಡು ಅವರನ್ನೇ ಕಳೆದುಕೊಂಡೆನೇ ಎಂದು ಎಷ್ಟೋ ಸಲ ಹೆದರಿದ್ದೇನೆ.

ಮೊನ್ನೆ ಲ್ಯಾಬಿನ ಸದ್ದು ಕೇಳಿ ಬೆಚ್ಚಿದ್ದನ್ನು ಮನೆಗೆ ಬಂದು ಹೇಳಿದೆ, ನಗಲಿ ಎಂದು. ಅವರು ನಗಲಿಲ್ಲ. ಆ ಸದ್ದು ಹೇಗಿರುತ್ತಿತ್ತು ಎಂದು ಕೇಳಿದರು. ಕಾಲಿಗೆ ಗೊತ್ತಿತ್ತೇ ಹೊರತು ಕಿವಿಗೆ ಗೊತ್ತಿರಲಿಲ್ಲವಲ್ಲ. ಈ ಭಾನುವಾರ ಊಟವಾದ ಮೇಲೆ ತಾವೇ ಕಿವಿಯ ಮಷೀನು ತೆಗೆದು ಹಾಕಿಕೊಂಡು, ಪರದೆ ಎಳೆದು, ಹಚ್ಚು ಆ ನರ್ಸಮ್ಮನ್ನ ಎಂದರು. ಆಟ ಕಣ್ಣು ಮಿಟುಕಿಸುವಷ್ಟರಲ್ಲಿ ಶುರುವಾಯಿತು. ಟಾರ್ಚು ಹಿಡಿದು ಎರಡು ಬಾಗಿಲು ದಾಟಿದರು. ಮೂರನೆಯದರ ಹತ್ತಿರ ಎಡಗಡೆಯಿಂದ ಬಂತು, ಕೀಂಯ್ ಕೀಂಯ್.

ನಮ್ಮವರ ಕೈ ಕೀಬೋರ್ಡಿನಿಂದ ಎದ್ದಿತು. ಅವರು ಪರದೆ ನೋಡಲಿಲ್ಲ. ಸದ್ದು ಅಲ್ಲಿಂದಲೇ ಬಂತೆಂಬಂತೆ ಕುತ್ತಿಗೆ ತಿರುಗಿಸಿ ನಮ್ಮ ಅಡಿಗೆಮನೆಯ ಬಾಗಿಲು ನೋಡಿದರು. ನರ್ಸಮ್ಮ ಬಂದು ಮುಗಿಸಿ ಹೋದಳು.

"ಇದು ಮೊದಲಿಂದನೂ ಇಷ್ಟು ಜೋರಿತ್ತೇನು?"

"ಇತ್ರಿ."

"ಇದನ್ನ ಕೇಳ್ಕೊಂತನ ನನ್ನ ಪಕ್ಕದಾಗ ಕುಂದ್ರತಿದ್ದೇನು?"

ನಾನು ತಲೆಯಾಡಿಸಿದೆ.  ಆಮೇಲೆ ಜಂಬಣ್ಣನ ಸೀಟಿ ಇದಕ್ಕಿಂತ ಜೋರಿರಬೇಕಲ್ಲ ಎಂದು ತಮ್ಮಷ್ಟಕ್ಕೆ ಅಂದುಕೊಂಡವರು ಮೊಬೈಲು ತೆಗೆದು ಅವನಿಗೇ ಫೋನು ಹಚ್ಚಿದರು. ನೀ ಊದತಿದ್ದ ಸೀಟಿ ನನಗ ಕೇಳಸ್ತನ ಇರಲಿಲ್ಲ ಎಂದು ಇವರು ಹೇಳಿದರು, ಅವನು ಏನಂದನೋ ನನಗೆ ತಿಳಿಯಲಿಲ್ಲ. ಆ ಕಡೆಯಿಂದ ಜಂಬಣ್ಣ ನಗುವುದು ಮಾತ್ರ ಕೇಳಿಸಿತು. ಇವರು ಫೋನು ಕೆಳಗಿಟ್ಟಾಗ ಮುಖದಲ್ಲಿ ರಕ್ತವಿರಲಿಲ್ಲ.  ಅವರ ಮೈಯಲ್ಲಿ ಹೆದರಿಕೆ ನಾನು ಕಂಡದ್ದು ಅದೇ ಮೊದಲು. ಪಕ್ಕಕ್ಕೆ ಹೋಗಿ ಭುಜ ಹಿಡಿದುಕೊಂಡೆ. ಏನಂದ ಎಂದು ಕೇಳಿದೆ.

"ಅವಗ ಎಲ್ಲಾ ಗೊತ್ತಿತ್ತಂತಲೇ. ಹೇಳಿದ್ರ ನನ್ನ ಇಳಸ್ತಾರಂತ ಹೇಳಿಲ್ಲ. ಸೀಟಿ ಕೇಳಂಗಿಲ್ಲಂತ ಗಾಡಿಗೆ ಕಲ್ಲು ಒಗೀತಿದ್ನಂತ. ನಾ ಬ್ರೇಕ್ ಹಾಕತಿದ್ದದ್ದು ಒಡ್ಡು ತಾಗಿದ್ದಕ್ಕಲ್ಲ, ಆ ಕಲ್ಲು ಬಡದಿದ್ದಕ್ಕ."

ಅವರು ಮಷೀನನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಒಂದಿನ ಕೈಗೆ ಕಲ್ಲು ಸಿಗಲಿಲ್ಲಂತ. ಓಡಿಬಂದು ಗಾಡಿಗೂ ಅಂಚಿಗೂ ನಡುವ ನಿಂತ್ನಂತ, ನನಗ ಕನ್ನಡಿಯಾಗ ಕಾಣ್ಲಿ ಅಂತ. ಆ ದಿನ ನನಗ ನೆನಪೈತಿ. ನಾ ಇಳದು ಹೋಗಿ, ಕುಡದು ಬಂದೀಯೇನಲೇ ಅಂತ ಎಲ್ಲಾರ ಮುಂದ ಬೈದಿದ್ದೆ. ಆತ ಸುಮ್ನ ಬೈಸಿಕೊಂಡ."